ಹಳೆಯ ಬ್ಯಾಟರಿಗೆ ಎಲ್‌ಇಡಿ ದೀಪ



ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಎನ್ನುವುದೇ ರೂಢಿ. ರಾತ್ರಿ ಹೊತ್ತು ಬದುವಿನ ಮೇಲೆ ನಡೆಯುವವರ ಕೈಯಲ್ಲಿ ಅದು ಇದ್ದೇ ಇರುತ್ತದೆ, ಆದರೆ ಉರಿಯುತ್ತಿರುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ಗುಂಡಿ ಒತ್ತಿ, ದಾರಿ ನೋಡಿಕೊಂಡು, ಮತ್ತೆ ಆರಿಸುತ್ತಾರೆ. ಸೆಲ್ಲು ಬೇಗ ಮುಗಿದೀತೆಂಬ ಚಿಂತೆ. ಅಪಾಯವಿರುವುದು ಆ ಹತ್ತು ಹೆಜ್ಜೆಯ ಕತ್ತಲೆಯಲ್ಲಿಯೇ.

ನಮ್ಮ ಸೋಮಂದೇಪಲ್ಲಿ ಸುತ್ತಿನ ಬೇಸಾಯದಲ್ಲಿ ರಾತ್ರಿ ಕೆಲಸ ತಪ್ಪಿದ್ದಲ್ಲ. ಕರೆಂಟು ಯಾವ ಹೊತ್ತಿಗೆ ಬಂದರೂ ಮೋಟಾರು ಹಾಕಬೇಕು. ಕಡಲೆಕಾಯಿ ಹೊಲಕ್ಕೆ ಹಂದಿ ಕಾಯಬೇಕು. ನಾಲ್ಕನೆಯ ಜ್ವರದಿಂದ ಎದ್ದ ರೇಷ್ಮೆ ಹುಳುವಿಗೆ ರಾತ್ರಿಯೂ ಸೊಪ್ಪು ಹಾಕಬೇಕು. ಹಾವು ಇರುವುದೂ ಅಲ್ಲಿಯೇ: ಬದುವಿನ ಹುಲ್ಲಿನಲ್ಲಿ, ಸೊಪ್ಪಿನ ಹೊರೆಯ ಕೆಳಗೆ, ಇಲಿ ಓಡಾಡುವ ಕಣದಲ್ಲಿ.

2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಲೆಕ್ಕದಂತೆ, 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ಸರಾಸರಿ ವರ್ಷಕ್ಕೆ 58,000. ಹೆಚ್ಚು ಸಾವು ಸಂಭವಿಸುವ ರಾಜ್ಯಗಳಲ್ಲಿ ಆಂಧ್ರವೂ ಒಂದು. ಸತ್ತವರಲ್ಲಿ ಬಹುಪಾಲು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ್ದು. ಆದುದರಿಂದ ದೀಪವನ್ನು ಆರಿಸದೆ ನಡೆಯುವಂತಾಗುವುದು ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಹಳೆಯ ಬಲ್ಬಿನಲ್ಲಿ ಸಣ್ಣ ತಂತಿಯೊಂದು ಕಾದು ಕೆಂಪಾಗಿ ಬೆಳಗುತ್ತದೆ. ಸೆಲ್ಲಿನ ಶಕ್ತಿ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಎಲ್‌ಇಡಿಯಲ್ಲಿ ಕಾಯುವ ತಂತಿ ಇಲ್ಲ. ವಿದ್ಯುತ್ತು ನೇರವಾಗಿ ಬೆಳಕಾಗುತ್ತದೆ. ಬಿಳಿಯ ಎಲ್‌ಇಡಿಗೆ ಮೊದಲು ನೀಲಿಯದು ಬೇಕಿತ್ತು. ಅದನ್ನು ಸಾಧಿಸಿದ ಜಪಾನ್ ಮೂಲದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಿಕ್ಕಿತು. 2015ರ ಉಜಾಲಾ ಯೋಜನೆಯ ನಂತರ ಈ ದೀಪ ಮನೆಮನೆಗೂ ಬಂದಿದೆ. ಆದರೂ ಅಟ್ಟದ ಮೇಲಿನ ಗಟ್ಟಿ ಹಿತ್ತಾಳೆ ಬ್ಯಾಟರಿ ಬಲ್ಬು ಸುಟ್ಟಿತೆಂದು ಮೂಲೆ ಸೇರಿದೆ.

ಈಗ ಲೆಕ್ಕ ನೋಡೋಣ. ಮೂರು ಸೆಲ್ಲಿನ ಬ್ಯಾಟರಿಯಲ್ಲಿ ಒಟ್ಟು 4.5 ವೋಲ್ಟ್. ಹಳೆಯ ಬಲ್ಬು ಸುಮಾರು 300 ಮಿಲಿಆಂಪಿಯರ್ ಎಳೆಯುತ್ತದೆ. ಐದು ಮಿಲಿಮೀಟರಿನ ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್, 20 ಮಿಲಿಆಂಪಿಯರ್ ಸಾಕು. ಮೂರು ಎಲ್‌ಇಡಿ ಹಾಕಿದರೂ 60, ಅಂದರೆ ಐದನೆಯ ಒಂದು ಪಾಲು. ಹತ್ತು ರಾತ್ರಿ ಬರುತ್ತಿದ್ದ ಸೆಲ್ಲು ಐವತ್ತು ರಾತ್ರಿಯಾದರೂ ಬಂದೀತು. ಉಳಿದ 1.3 ವೋಲ್ಟನ್ನು ತಡೆಯದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಅದಕ್ಕಾಗಿ ಪ್ರತಿಯೊಂದಕ್ಕೂ 68 ಓಮ್‌ನ ಒಂದು ರೆಸಿಸ್ಟರ್ ಬೇಕು. ಅದರ ಮೇಲೆ ನೀಲಿ, ಬೂದು, ಕಪ್ಪು ಪಟ್ಟೆ, ಕೊನೆಗೆ ಚಿನ್ನದ ಬಣ್ಣದ ಪಟ್ಟೆ ಇರುತ್ತದೆ. ಕಾಲು ವಾಟಿನದು ಸಾಕು. ಎಲ್ಲವೂ ರೇಡಿಯೋ, ಟಿ.ವಿ. ರಿಪೇರಿ ಮಾಡುವ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುತ್ತವೆ.

ಮಾಡುವ ಕ್ರಮ ಹೀಗೆ. ಸುಟ್ಟ ಬಲ್ಬನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಗಾಜನ್ನು ಮೆಲ್ಲಗೆ ಒಡೆಯಿರಿ. ಚೂರು ಕಣ್ಣಿಗೆ ಸಿಡಿಯದಂತೆ ಎಚ್ಚರ. ಒಳಗಿನ ಅಂಟನ್ನು ಕೆರೆದು ತೆಗೆದು ಹಿತ್ತಾಳೆಯ ಟೋಪಿಯನ್ನು ಮಾತ್ರ ಉಳಿಸಿಕೊಳ್ಳಿ. ಎಲ್‌ಇಡಿಗೆ ಎರಡು ಕಾಲು: ಉದ್ದನೆಯದು ಧನ, ಗಿಡ್ಡನೆಯದು ಋಣ. ಪ್ರತಿ ಉದ್ದ ಕಾಲಿಗೆ ಒಂದು ರೆಸಿಸ್ಟರನ್ನು ಬೆಸೆಯಿರಿ. ಮೂರು ರೆಸಿಸ್ಟರುಗಳ ಇನ್ನೊಂದು ತುದಿಗಳನ್ನು ಹೊಸೆದು ಟೋಪಿಯ ನಡುವಿನ ತುದಿಗೆ, ಮೂರು ಗಿಡ್ಡ ಕಾಲುಗಳನ್ನು ಹಿತ್ತಾಳೆಯ ಅಂಚಿಗೆ ಬೆಸೆಯಿರಿ. ಒಂದು ಕಾಲು ಇನ್ನೊಂದಕ್ಕೆ ತಗುಲದಂತೆ ತಂತಿಯ ಪ್ಲಾಸ್ಟಿಕ್ ಸಿಪ್ಪೆಯನ್ನು ಕೊಳವೆಯಾಗಿ ತೊಡಿಸಬೇಕು. ಹೆಚ್ಚಿನವರ ಕೆಲಸ ಕೆಡುವುದು ಇಲ್ಲಿಯೇ. ಕಂಡಿಯಲ್ಲಿ ಹಿಡಿಸದಿದ್ದರೆ ಎಲ್‌ಇಡಿಗಳ ಬುಡದ ಅಂಚನ್ನು ಅರದಿಂದ ಸ್ವಲ್ಪ ಉಜ್ಜಿ. ಬೆಸುಗೆಯಲ್ಲಿ ಸೀಸವಿರುವುದರಿಂದ ಮಕ್ಕಳನ್ನು ದೂರವಿಟ್ಟು, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಹಳೆಯ ಬಲ್ಬಿಗೆ ಸೆಲ್ಲು ಯಾವ ಕಡೆ ಹಾಕಿದರೂ ನಡೆಯುತ್ತಿತ್ತು. ಎಲ್‌ಇಡಿಗೆ ನಡೆಯದು. ಸೆಲ್ಲಿನ ಮೊಳೆ ಮುಂದೆ ದೀಪದ ಕಡೆಗೇ ಇರಬೇಕು.

ಎರಡು ಸೆಲ್ಲಿನ ಬ್ಯಾಟರಿಗೆ ಈ ಕೆಲಸ ಮಾಡಬೇಡಿ. ಅದರಲ್ಲಿ ಇರುವುದೇ 3 ವೋಲ್ಟ್; ಸೆಲ್ಲು ಸ್ವಲ್ಪ ಇಳಿದರೆ ಎಲ್‌ಇಡಿ ಮಂಕಾಗುತ್ತದೆ. ಅದಕ್ಕೆ ವೋಲ್ಟೇಜು ಏರಿಸುವ ಸಣ್ಣ ಸರ್ಕೀಟನ್ನು ಒಳಗೊಂಡ ಸಿದ್ಧ ಎಲ್‌ಇಡಿ ಬಲ್ಬು ಸಿಗುತ್ತದೆ. ಎರಡು ಸೆಲ್ಲಿಗೆ ಎಂದು ಕೇಳಿ, ಹಳೆಯ ಬಲ್ಬನ್ನು ಜೊತೆಗೆ ಒಯ್ದು ಅಳತೆ ನೋಡಿ ಕೊಳ್ಳಿ. ಬೆಸುಗೆಯ ಅಭ್ಯಾಸವಿಲ್ಲದವರು ಮೂರು ಸೆಲ್ಲಿನದಕ್ಕೂ ಸಿದ್ಧ ಬಲ್ಬನ್ನೇ ಕೊಳ್ಳುವುದು ಲೇಸು. ಮಾಮೂಲು ಸೆಲ್ಲಿನ ಜಾಗದಲ್ಲಿ ಲಿಥಿಯಂ ಸೆಲ್ಲು ಮಾತ್ರ ಹಾಕಬೇಡಿ. ಅದು ಒಂದೊಂದೂ 3.7 ವೋಲ್ಟ್, ದೀಪ ಸುಡುತ್ತದೆ.

ಮೊಬೈಲಿನಲ್ಲಿಯೇ ದೀಪವಿದೆಯಲ್ಲ ಎನ್ನುವವರಿದ್ದಾರೆ. ಒದ್ದೆ ಕೈಯಿಂದ ಅದು ಕಾಲುವೆಗೆ ಜಾರಿದರೆ, ಅಥವಾ ಬೆಳಕಿಗೇ ಚಾರ್ಜು ಮುಗಿದರೆ, ಆಪತ್ತಿನಲ್ಲಿ 108ಕ್ಕೆ ಕರೆ ಮಾಡುವುದು ಯಾವುದರಿಂದ? ಫೋನು ಜೇಬಿನಲ್ಲಿರಲಿ. ಇನ್ನು ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಅಗ್ಗದ ಚಾರ್ಜಿಂಗ್ ಬ್ಯಾಟರಿಗಳ ವಿಷಯ. ಹಲವದರಲ್ಲಿ ಒಳಗಿನ ಭಾಗಕ್ಕೂ ಮನೆಯ 230 ವೋಲ್ಟಿಗೂ ನಡುವೆ ಬೇರ್ಪಡಿಕೆಯೇ ಇರುವುದಿಲ್ಲ. ಚಾರ್ಜಿಗೆ ಹಾಕಿದಾಗ ಮುಟ್ಟಬೇಡಿ, ಬಿಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ದೀಪ ಕಂಡು ಹಾವು ಓಡಿಹೋಗುತ್ತದೆ ಎಂದು ನಂಬಬಾರದು. ದೀಪ ಇರುವುದು ನಾವು ಅದನ್ನು ಕಾಣಲಿಕ್ಕೆ. ದೂರಕ್ಕೆ ಬಿಡದೆ ಕಾಲಿನ ಮುಂದೆ ಎರಡು ಮೂರು ಹೆಜ್ಜೆ ನೆಲದ ಮೇಲೆ ಬೀಳುವಂತೆ ಹಿಡಿಯಿರಿ. ಕಾಲಿಗೆ ಬೂಟು, ಕೈಯಲ್ಲಿ ಕೋಲು ಇರಲಿ. ಸೊಪ್ಪಿನ ಹೊರೆಗೆ ಕೈ ಹಾಕುವ ಮುನ್ನ ಬೆಳಕು ಬಿಟ್ಟು ಕೋಲಿನಿಂದ ಅಲುಗಿಸಿ. ಕಣದಲ್ಲಿ ಮಲಗುವವರು ನೆಲದ ಮೇಲೆ ಮಲಗದೆ ಮಂಚದ ಮೇಲೆ ಸೊಳ್ಳೆಪರದೆ ಕಟ್ಟಿಕೊಂಡು ಮಲಗಲಿ. ಕಟ್ಟುಹಾವು ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಗಾಯವೂ ಸರಿಯಾಗಿ ಕಾಣದು, ನೋವೂ ಅಷ್ಟಾಗಿ ಇರದು.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧಿಗೆಂದು ಹೊತ್ತು ಕಳೆಯುವುದು ಬೇಡ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಪಟ್ಟಿಯಿಟ್ಟು, ರೋಗಿಯನ್ನು ನಡೆಸದೆ, ಪೆನುಕೊಂಡ ಇಲ್ಲವೆ ಹಿಂದೂಪುರದ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ. ಹಾವನ್ನು ಹುಡುಕಿ ಕೊಂದು ತರಬೇಕಾಗಿಲ್ಲ.

ಸೆಲ್ಲಿನ ಕುರಿತು ಇನ್ನೊಂದು ಮಾತು. ಹಳೆಯದನ್ನೂ ಹೊಸದನ್ನೂ ಬೆರೆಸಿ ಹಾಕಬೇಡಿ. ಹಳೆಯದು ಸೋರಿ ಹಿತ್ತಾಳೆಯನ್ನು ತಿನ್ನುತ್ತದೆ. ಹಸಿರು ಕಿಲುಬು ಹಿಡಿದಿದ್ದರೆ ಒಣ ಬಟ್ಟೆಯಿಂದ ಒರೆಸಿ, ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ. ಮುಗಿದ ಸೆಲ್ಲನ್ನು ಒಲೆಗೂ ಬಾವಿಗೂ ಎಸೆಯಬೇಡಿ. ಬ್ಯಾಟರಿಯನ್ನು ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ಲು ಹೊರಗೆ ತೆಗೆದಿಡಿ.