ವಿಚ್ ಹೇಜಲ್: ಗಿಡ ನೆಟ್ಟವರಿಗೂ ಸೀಸೆ ಕೊಂಡವರಿಗೂ ಸೂಚನೆ

ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಮನೆ ಮಾಡಿ ಹಿತ್ತಲಲ್ಲಿ ವಿಚ್ ಹೇಜಲ್ ಎಂಬ ಪೊದೆ ನೆಡುವವರೂ, ಅಲ್ಲಿನ ಔಷಧದಂಗಡಿಯಿಂದ ಅದರ ತೊಗಟೆಯಿಂದ ಬಟ್ಟಿ ಇಳಿಸಿದ, ಚರ್ಮಕ್ಕೆ ಹಚ್ಚುವ ಮದ್ದಿನ ಸೀಸೆಯನ್ನು ಊರಿಗೆ ತರುವವರೂ ಇದನ್ನು ಪೂರ್ತಿ ಓದಿ.

ಗಿಡ: ಮಾಡಬೇಕಾದ್ದು

ಚಳಿಗಾಲ ಗಟ್ಟಿಯಾಗಿರುವ ಕಡೆ ಮಾತ್ರ ನೆಡಿ. ನೀರು ನಿಲ್ಲದ, ಆದರೆ ತೇವ ಆರದ, ತುಸು ಆಮ್ಲೀಯ ಮಣ್ಣಿರಲಿ. ಪೊದೆ ಹತ್ತು ಹದಿನೈದು ಅಡಿ ಹರಡುತ್ತದೆ, ಗೋಡೆಯಿಂದ ದೂರವಿರಲಿ.

ಅಲ್ಲಿನ ಕಾಡಿನ ಜಾತಿ ಎಲೆ ಉದುರುವ ಅಕ್ಟೋಬರ್, ನವೆಂಬರಿನಲ್ಲಿ ಹೂ ಬಿಡುತ್ತದೆ. ಒಂದೊಂದು ಹೂವಿಗೂ ಸುಕ್ಕುಗಟ್ಟಿದ ನಾಲ್ಕು ಹಳದಿ ಎಳೆ. ಅದೇ ಹೊತ್ತಿಗೆ ಹಿಂದಿನ ವರ್ಷದ ಕಾಯಿ ಬಲಿತು, ಟಪ್ಪೆಂದು ಸಿಡಿದು, ಕರಿ ಬೀಜವನ್ನು ಹಲವು ಅಡಿ ದೂರ ಎಸೆಯುತ್ತದೆ. ಈ ಸೊಗಸು ನೋಡಲಾದರೂ ಒಣಗಿದಂತೆ ಕಾಣುವ ಕಾಯಿಗಳನ್ನು ಗಿಡದಲ್ಲೇ ಬಿಡಿ.

ನರ್ಸರಿಯ ಕಸಿ ಗಿಡವಾದರೆ ಬುಡದಲ್ಲಿ, ಕಸಿಯ ಗಂಟಿಗಿಂತ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಕಿತ್ತುಹಾಕಿ. ಬಿಟ್ಟರೆ ನೀವು ದುಡ್ಡು ಕೊಟ್ಟ ತಳಿಯನ್ನು ಬೇರುಗಿಡ ಮೂಲೆಗೊತ್ತುತ್ತದೆ.

ಮಾಡಬಾರದ್ದು

ಚಳಿಗಾಲದ ಕೊನೆಗೆ ಹೂ ಬಿಡುವ ತಳಿಗಳನ್ನು ಬೇಸಿಗೆಯ ಕೊನೆಗೆ ಸವರಬೇಡಿ, ಆಗಲೇ ಮೊಗ್ಗು ಕಟ್ಟಿರುತ್ತದೆ. ಹೂ ಮುಗಿದ ಮೇಲೆ ಸವರಿ. ಬೆಂಗಳೂರು, ಮೈಸೂರಿನ ಹವೆಗೆ ಈ ಗಿಡ ಒಗ್ಗದು. ಸಸಿ ತರಿಸುವ ಉಸಾಬರಿ ಬೇಡ.

ಸೀಸೆ: ಮಾಡಬೇಕಾದ್ದು

ಈ ಮದ್ದಿನ ಅರಿವು ಅಲ್ಲಿನ ಮೂಲನಿವಾಸಿಗಳದು. ನ್ಯೂಯಾರ್ಕ್ ರಾಜ್ಯದ ಥೆರಾನ್ ಪಾಂಡ್ 1846ರಲ್ಲಿ ಅದನ್ನು ಮಾರಾಟಕ್ಕಿಟ್ಟ. ನಮ್ಮ ಮನೆಗಳ ಪಾಂಡ್ಸ್ ಡಬ್ಬಿಯ ಹೆಸರು ಅವನದೇ.

ಸೊಳ್ಳೆ ಕಡಿದ ತುರಿಕೆಗೆ, ಕ್ಷೌರದ ಉರಿಗೆ, ಮೂಲವ್ಯಾಧಿಯ ಹೊರಗಿನ ನವೆಗೆ ಹತ್ತಿಯನ್ನು ಇದರಲ್ಲಿ ತೊಯ್ಸಿ ಹಚ್ಚಬಹುದು. ಮೊದಲು ಮೊಣಕೈ ಒಳಬದಿಯಲ್ಲಿ ಒಂದು ತೊಟ್ಟು ಹಚ್ಚಿ ಒಂದು ದಿನ ಕಾಯಿರಿ. ಲೇಬಲ್ ಓದಿ: ಸಾಮಾನ್ಯ ಸೀಸೆಯಲ್ಲಿ ಶೇಕಡಾ 14 ಮದ್ಯಸಾರವಿರುತ್ತದೆ. ತೊಗಟೆಯ ಒಗರು ಬಟ್ಟಿ ಇಳಿಸುವಾಗ ಬಹುಪಾಲು ಹಿಂದೆಯೇ ಉಳಿಯುವುದರಿಂದ, ಹಚ್ಚಿದಾಗ ಚರ್ಮ ಬಿಗಿಯುವುದರಲ್ಲಿ ಮದ್ಯಸಾರದ ಪಾಲೂ ಇದೆ. ಒಣ ಚರ್ಮದವರು ಮದ್ಯಸಾರವಿಲ್ಲದ್ದನ್ನೇ ಕೊಳ್ಳಿ.

ಮಾಡಬಾರದ್ದು

ಕುಡಿಯಬಾರದು. ಗಿಡಮೂಲಿಕೆಯಲ್ಲವೇ, ತೀರ್ಥದಷ್ಟು ಕುಡಿದರೆ ಏನಾದೀತು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಸೀಸೆ ಕೊಡುವಾಗ ಇದನ್ನು ಎರಡು ಸಲ ಹೇಳಿ. ಹಿತ್ತಲ ತೊಗಟೆ ಕೆತ್ತಿ ಮನೆಯಲ್ಲಿ ಕಷಾಯ ಕಾಯಿಸುವುದೂ ಬೇಡ.

ಕಣ್ಣಿಗೆ ತಾಗಿಸಬೇಡಿ. ಆಳವಾದ ಗಾಯ, ಸುಟ್ಟ ಗಾಯ, ಕೀವುಗಟ್ಟಿದ ಜಾಗಕ್ಕೆ ಹಚ್ಚಬೇಡಿ. ಮದ್ಯಸಾರವಿರುವ ಸೀಸೆಯನ್ನು ದೇವರ ದೀಪದ ಪಕ್ಕ, ಒಲೆಯ ಪಕ್ಕ ಇಡಬೇಡಿ, ಬೆಂಕಿ ಹತ್ತೀತು. ಮಕ್ಕಳ ಕೈಗೆ ಸಿಗುವಲ್ಲಂತೂ ಬೇಡವೇ ಬೇಡ. ಇಸಬಿಗಾಗಲಿ ಮೊಡವೆಯ ಕಲೆಗಾಗಲಿ ಇದೇ ಪೂರ್ತಿ ಚಿಕಿತ್ಸೆ ಎಂದು ನಂಬಿ ವೈದ್ಯರ ಔಷಧ ನಿಲ್ಲಿಸಬೇಡಿ.

ಮಲದಲ್ಲಿ ರಕ್ತ ಕಂಡರೆ ಅದೇ ದಿನ, ಬೇರೆ ತೊಂದರೆ ಏಳು ದಿನದಲ್ಲಿ ತಗ್ಗದಿದ್ದರೆ ಎಂಟನೆಯ ದಿನ, ಸೀಸೆ ಬದಿಗಿಟ್ಟು ವೈದ್ಯರಿಗೆ ತೋರಿಸಿ.