ಸ್ವಲ್ಪ ನಿಧಾನಿಸಿ

ದಿನವಿಡೀ ಓಡಿ, ಮಲಗುವ ಮುನ್ನ ಎರಡು ನಿಮಿಷದ ಪ್ರಾರ್ಥನೆ ಮುಗಿಸಿ, ದೇವರು ದೂರವಾದರೆಂದು ಕೊರಗುವವರು ಮಾರ್ಕನ ಸುವಾರ್ತೆಯ 1ನೇ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ಕಪೆರ್ನೌಮಿನಲ್ಲಿ ಹೊತ್ತು ಮುಳುಗಿದ ಮೇಲೂ ರೋಗಿಗಳು ಬಾಗಿಲಲ್ಲಿ ನೆರೆದಿದ್ದರು. ಯೇಸು ಅನೇಕರನ್ನು ಗುಣಪಡಿಸಿದರು. ಆದರೂ ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಎಲ್ಲರೂ ಹುಡುಕುತ್ತಿದ್ದಾರೆಂದು ಸೀಮೋನ ಮತ್ತು ಸಂಗಡಿಗರು ಬಂದು ಹೇಳಿದಾಗ, ಯೇಸು ಕಪೆರ್ನೌಮಿಗೆ ಮರಳದೆ ನೆರೆಯ ಊರುಗಳತ್ತ ಹೊರಟರು. ಯಾವ ಕೆಲಸ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಸ್ಪಷ್ಟತೆ ಆ ಏಕಾಂತದ ಬೆನ್ನಿಗೇ ಕಾಣುತ್ತದೆ; ನನಗೆ ಇದು ಬಹಳ ಮುಖ್ಯ. ನಿಮಗೆ ಸಿಗುವುದು ಹತ್ತೇ ನಿಮಿಷವಾದರೂ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಅಧ್ಯಾಯ ಮುಗಿಸುವ ಹಟ ಬಿಟ್ಟು, ಒಂದೇ ವಚನವನ್ನು ಎರಡು ಮೂರು ಸಲ ಓದಿ.

ಹೊಟ್ಟೆಪಾಡಿಗೆ ದುಡಿಯುವವರಿಗೆ ಬಿಡುವೆಲ್ಲಿ, ನಿಧಾನವೆಂಬುದು ಉಳ್ಳವರ ಸುಖವಲ್ಲವೇ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಸಬ್ಬತ್ತಿನ ವಿಶ್ರಾಂತಿಯನ್ನು ದಾಸದಾಸಿಯರಿಗೂ, ಎತ್ತು ಕತ್ತೆಗಳಿಗೂ, ಪರದೇಶಿಗೂ ಕೊಡುತ್ತದೆ. ಅದಕ್ಕೆ ಕಾರಣವಾಗಿ ಐಗುಪ್ತದಲ್ಲಿ ಇಸ್ರಾಯೇಲ್ಯರು ಅನುಭವಿಸಿದ ದಾಸತ್ವವನ್ನೇ ನೆನಪಿಸುತ್ತದೆ. ಹಾಗಾಗಿ ನಿಮ್ಮ ಬಿಡುವನ್ನಷ್ಟೇ ನೋಡಿಕೊಳ್ಳಬೇಡಿ. ಮನೆಗೆಲಸದವರಿಗೂ ವಾರದ ರಜೆಯನ್ನು ಸಂಬಳ ಕಡಿತ ಮಾಡದೆ ಕೊಡಿ.