ಪಂಪಿನ ಇಂಜಿನ್ನಿನ ಹೆಡ್ಡು ಉಜ್ಜಿಸುವ ಮುನ್ನ

ತುಂಗಭದ್ರೆಯ ದಂಡೆಯಲ್ಲಿಯೂ ಭದ್ರಾ ನಾಲೆಯ ಕೊನೆಯ ಭಾಗದಲ್ಲಿಯೂ ಭತ್ತ ಬೆಳೆಯುವ ದಾವಣಗೆರೆ, ಹರಿಹರ ತಾಲ್ಲೂಕುಗಳ ರೈತರಿಗೆ ಇಂಜಿನ್ ಪಂಪು ಆಪತ್ಕಾಲದ ಆಸರೆ. ತೆನೆ ಹೊರಡುವ ಹೊತ್ತಿಗೆ ನಾಲೆಯ ನೀರು ತಗ್ಗಿ, ಇಂಜಿನ್ನೂ ಎಳೆಯದೆ ಹೋದರೆ ಬೆಳೆ ಕೈಬಿಟ್ಟಂತೆಯೇ. ಇಂಥ ಅವಸರದಲ್ಲಿ "ಹೆಡ್ಡು ಸ್ವಲ್ಪ ಉಜ್ಜಿಸಿ, ಕಂಪ್ರೆಷನ್ ಏರಿ ಶಕ್ತಿ ಬರುತ್ತದೆ" ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿದರೂ ಲೇತಿನ ಕಸುಬು ಈ ಕಡೆಯವರಿಗೆ ಹೊಸದಲ್ಲ. ಆದುದರಿಂದ ಉಜ್ಜಿಸುವುದು ಕಷ್ಟವಲ್ಲ. ಉಜ್ಜಿಸಬೇಕೇ ಎಂಬುದೇ ಪ್ರಶ್ನೆ.

ಪಿಸ್ಟನ್ ತೀರ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಒಟ್ಟು ಜಾಗವನ್ನು, ಅದು ತೀರ ಮೇಲೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವುದೇ ಕಂಪ್ರೆಷನ್ ಅನುಪಾತ. ಪೆಟ್ರೋಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಈ ಉಳಿಕೆ ಜಾಗ ಹೆಡ್ಡಿನ ಗುಳಿಯಲ್ಲಿರುತ್ತದೆ. ಹೆಡ್ಡನ್ನು ಉಜ್ಜಿದರೆ ಗುಳಿ ಕಿರಿದಾಗಿ ಅನುಪಾತ ಏರುವುದು ನಿಜ. ಎಷ್ಟು ಏರುತ್ತದೆ? ವ್ಯಾಸ 70 ಮಿ.ಮೀ., ಸ್ಟ್ರೋಕು 60 ಮಿ.ಮೀ., ಅನುಪಾತ 6 ಇರುವ ಇಂಜಿನ್ನೊಂದನ್ನು ತೆಗೆದುಕೊಳ್ಳಿ. ಉಳಿಕೆ ಜಾಗ ಸುಮಾರು 46 ಘನ ಸೆಂ.ಮೀ. ಗುಳಿಯ ಬಾಯಿ ಸಿಲಿಂಡರಿನಷ್ಟೇ ಅಗಲವಿದ್ದರೆ, ಪೂರಾ 1 ಮಿ.ಮೀ. ಉಜ್ಜಿದಾಗ ಅದು 42ಕ್ಕೆ ಇಳಿದು ಅನುಪಾತ 6.45 ಆಗುತ್ತದೆ. ಲೆಕ್ಕದ ಪ್ರಕಾರ ಇದರಿಂದ ದೊರೆಯುವ ಹೆಚ್ಚಿನ ಶಕ್ತಿ ಶೇ. 3ನ್ನೂ ಮುಟ್ಟುವುದಿಲ್ಲ. ಮುಚ್ಚಿಹೋದ ಗಾಳಿಶೋಧಕವೊಂದೇ ಇದಕ್ಕಿಂತ ಹೆಚ್ಚು ಶಕ್ತಿಯನ್ನು ತಿಂದುಹಾಕಬಲ್ಲದು.

ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಪಂಪುಗಳ ಹೆಡ್ಡನ್ನಂತೂ ಈ ಉದ್ದೇಶಕ್ಕೆ ಮುಟ್ಟಕೂಡದು. ಸೀಮೆಎಣ್ಣೆ ಹೆಚ್ಚಿನ ಒತ್ತಡವನ್ನು ತಾಳದೆ ಸಿಡಿದು ಉರಿಯುತ್ತದೆ. ತಯಾರಕರು ಅನುಪಾತವನ್ನು ಕಡಿಮೆ ಇಟ್ಟಿರುವುದು ಅದಕ್ಕಾಗಿಯೇ. ಭಾರ ಬಿದ್ದಾಗ ಲೋಹ ಬಡಿದಂತೆ ಟಕಟಕ ಸದ್ದು ಬರತೊಡಗಿ, ಕೊನೆಗೆ ಗ್ಯಾಸ್ಕೆಟ್ಟು ಒಡೆಯಬಹುದು, ಪಿಸ್ಟನ್ ತಲೆ ಸುಡಬಹುದು.

ಡೀಸೆಲ್ ಪಂಪಿನ ಕಥೆ ಬೇರೆ. ಇವುಗಳಲ್ಲಿ ಹೆಚ್ಚಿನವುಗಳ ಹೆಡ್ಡು ಸಪಾಟು. ಉರಿಯುವ ಗುಳಿ ಪಿಸ್ಟನ್ ತಲೆಯಲ್ಲಿರುತ್ತದೆ. ಆದುದರಿಂದ ಹೆಡ್ಡು ಉಜ್ಜಿದರೆ ಅನುಪಾತ ಬಹುತೇಕ ಏರುವುದೇ ಇಲ್ಲ! ಬದಲಿಗೆ ವಾಲ್ವುಗಳು ಪಿಸ್ಟನ್ನಿಗೆ ಸಮೀಪವಾಗುತ್ತವೆ, ಇಂಜೆಕ್ಟರಿನ ಮೂತಿ ಕೆಳಗಿಳಿದು ಎಣ್ಣೆ ತಪ್ಪು ಜಾಗಕ್ಕೆ ಸಿಂಪರಣೆಯಾಗುತ್ತದೆ. ತೆಳು ಗ್ಯಾಸ್ಕೆಟ್ಟು ಹಾಕಿದರೆ ಅನುಪಾತ ಏರೀತು. ಆದರೆ ಪಿಸ್ಟನ್ ಹೆಡ್ಡಿಗೆ ಬಡಿಯುವ ಭಯವಿದೆ.

ಇನ್ನು ಕಂಪ್ರೆಷನ್ ನಿಜವಾಗಿ ಸೋರುತ್ತಿರುವುದೆಲ್ಲಿ ಎಂದು ಕಂಡುಹಿಡಿಯಲು ಹಣ ಬೇಕಿಲ್ಲ, ಕಿವಿ ಸಾಕು. ಎಣ್ಣೆಯ ಪೂರೈಕೆ ನಿಲ್ಲಿಸಿ, ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸಿ, ಒತ್ತಡ ಬಂದಲ್ಲಿ ತಡೆದು ಹಿಡಿಯಿರಿ. ಗಾಳಿಶೋಧಕದಲ್ಲಿ 'ಉಸ್' ಎಂದರೆ ಒಳವಾಲ್ವು, ಸೈಲೆನ್ಸರಿನಲ್ಲಾದರೆ ಹೊರವಾಲ್ವು, ಆಯಿಲ್ ತುಂಬುವ ಬಾಯಲ್ಲಾದರೆ ರಿಂಗು ಅಥವಾ ಲೈನರ್ ಸವೆದಿದೆ. ವಾಲ್ವಿನ ದೋಷಕ್ಕೆ ಮೊದಲು ಟ್ಯಾಪೆಟ್ ಸಂದು ನೋಡಿ, ಅದು ಸರಿಯಿದ್ದರೆ ವಾಲ್ವು ಅರೆಯಿಸಬೇಕು. ರಿಂಗಿನ ದೋಷಕ್ಕೆ ಹೆಡ್ಡು ಉಜ್ಜಿಸುವುದು ಕಾಲುನೋವಿಗೆ ತಲೆಗೆ ಎಣ್ಣೆ ಹಚ್ಚಿದಂತೆ. ತಂಪು ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಮಾತ್ರ ಹೆಡ್ಡು, ಗ್ಯಾಸ್ಕೆಟ್ಟುಗಳ ಮೇಲೆ ಅನುಮಾನಪಡಬೇಕು.

ಆಗ ಹೆಡ್ಡು ಬಿಚ್ಚಿ, ಮಸಿ ತೆಗೆದು, ನೇರಪಟ್ಟಿಯನ್ನು ಉದ್ದ, ಅಗಲ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜಿನಿಂದ ಸಂದು ನೋಡಿಸಿ. ಕೈಪಿಡಿಯಲ್ಲಿ ಹೇಳಿದ ಮಿತಿ ಮೀರಿ ಸೊಟ್ಟಗಾಗಿದ್ದರೆ ಉಜ್ಜಿಸುವುದು ನ್ಯಾಯ. ಸಮವಾಗುವಷ್ಟೇ ತೆಗೆಸಬೇಕು, ಅರದಿಂದ ಕೈಯಲ್ಲಿ ಉಜ್ಜಿಸಕೂಡದು. ಬಳಿಕ ವಾಲ್ವು ತಗ್ಗಿನ ಆಳವನ್ನು ಸರಿಪಡಿಸಿ, ಇಂಜೆಕ್ಟರಿನ ತಾಮ್ರದ ವಾಷರನ್ನು ಅಳೆದು ಹಾಕಿಸಿ. ಪಿಸ್ಟನ್ ತಲೆಯ ಮೇಲೆ ಸೀಸದ ತಂತಿಯ ತುಂಡಿಟ್ಟು, ಹೆಡ್ಡು ಬಿಗಿದು ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆದರೆ ಪಿಸ್ಟನ್ನಿಗೂ ಹೆಡ್ಡಿಗೂ ಇರುವ ಅಂತರ ತಿಳಿಯುತ್ತದೆ. ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ, ಮೂರು ಹಂತದಲ್ಲಿ ಬಿಗಿಯಬೇಕು. ಟ್ಯಾಪೆಟ್ ಸಂದು ಉಜ್ಜಿದಷ್ಟೂ ಕಡಿಮೆಯಾಗಿರುತ್ತದೆ. ಇಂಜಿನ್ ತಣ್ಣಗಿರುವಾಗ ಅದನ್ನು ಹೊಸದಾಗಿ ಹೊಂದಿಸಿಕೊಂಡೇ ಪಂಪು ಹೂಡಿರಿ.